ಪಕ್ಕದ ದೀಪದ ಕೆಳಗೆ

ಎರಡು ಬೆಟ್ಟಗಳು ತಲೆಗೆ ತಲೆ ಆನಿಸಿ ನಿಂತ ಕಡೆ, ಅವುಗಳ ಪಾದದಲ್ಲಿ ಒಂದು ಊರು. ಬಿಸಿಲು ಆ ಊರಿಗೆ ದಿನಕ್ಕೊಂದು ಗಳಿಗೆ ಬಂದು, ಕರೆದ ತಪ್ಪಿಗೆ ಮುಖ ತೋರಿಸಿದ ನೆಂಟನಂತೆ ಹೊರಟುಬಿಡುತ್ತಿತ್ತು. ಉಳಿದ ಹೊತ್ತೆಲ್ಲ ಮಬ್ಬು. ಅದಕ್ಕೇ ಊರಿನವರು ಊರ ನಡುವೆ ಒಂದು ದೊಡ್ಡ ಗೋಡೆ ಎಬ್ಬಿಸಿದ್ದರು. ಗೋಡೆಯ ತುಂಬ ಗೂಡುಗಳು, ಗೂಡಿಗೊಂದು ಹಣತೆ. ಎಷ್ಟು ಗೂಡು ಅಂತ ಕೇಳಬೇಡಿ. ಎಣಿಸಲು ಹೋದವರೆಲ್ಲ ನಡುವೆ ಯಾರದೋ ಮಾತಿಗೆ ಸಿಕ್ಕಿ ಲೆಕ್ಕ ಮರೆತು ಬಂದಿದ್ದಾರೆ.

ಆ ಗೋಡೆಯ ಮೇಲೆ ದಿನಕ್ಕೊಂದು ಮುಖ ಮೂಡುತ್ತಿತ್ತು. ಕೆಲವು ಹಣತೆ ದೊಡ್ಡದಾಗಿ ಉರಿಸಿ, ಕೆಲವನ್ನು ಸಣ್ಣಗೆ ಮಾಡಿ, ಕೆಲವನ್ನು ಆರಿಸಿ, ಮುಖ ಹಾಕುವವಳು ಅದನ್ನು ಮೂಡಿಸುತ್ತಿದ್ದಳು. ತೀರಿಹೋದವರ ಮುಖ. ಊರಲ್ಲಿ ತೀರಿಹೋದ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ದಿನ ಇತ್ತು, ಆ ದಿನ ಅವರ ಮನೆಯವರು ಬಂದು ಗೋಡೆಯ ಮುಂದೆ ಕೂರುತ್ತಿದ್ದರು.

ಎಣ್ಣೆ ಹೊಯ್ಯುವವರು ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಇಳಿದು ಬರುತ್ತಿದ್ದರು. ಕೆಳಗಿನ ಸಾಲು ಮುಗಿಸಿ ಮತ್ತೆ ಮೇಲೆ ಹೋಗುವಷ್ಟರಲ್ಲಿ ಬಹಳ ಹೊತ್ತು. ಅಲ್ಲಿಯ ತನಕ ಹಣತೆ ಆರಬಾರದು. ಹಾಗಾಗಿ ಪ್ರತಿ ಹಣತೆಯ ಪಕ್ಕ ಒಂದು ಕುಡಿಕೆ. ಹೊಯ್ದವರು ಮತ್ತೆ ಬರುವವರೆಗೆ ಎಣ್ಣೆ ಹಿಡಿದಿಟ್ಟುಕೊಳ್ಳುವುದು, ಹನಿಹನಿಯಾಗಿ ಬತ್ತಿಗೆ ಕೊಡುವುದು, ಇಷ್ಟೇ ಅದರ ಕೆಲಸ. ಕುಡಿಕೆ ಕೆಲಸವನ್ನೇನೋ ಮಾಡುತ್ತಿತ್ತು, ಆದರೆ ಅರ್ಧ ಗೂಡನ್ನು ತಾನೇ ತಿನ್ನುತ್ತಿತ್ತು. ಎರಡು ಹಣತೆಯ ನಡುವೆ ಒಂದು ಕುಡಿಕೆಯಗಲದ ಕತ್ತಲೆ. ಹಣೆ, ಕೆನ್ನೆ, ಗಲ್ಲ ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಕಣ್ಣು ಸಣ್ಣದು, ನವುರಾದದ್ದು. ಅದು ಮಾತ್ರ ಆ ಕತ್ತಲೆಯೊಳಗೆ ಬಿದ್ದುಹೋಗುತ್ತಿತ್ತು. ಹೀಗೆ ಆ ಊರಿನ ಸತ್ತವರಲ್ಲಿ ಯಾರಿಗೂ ಕಣ್ಣಿರಲಿಲ್ಲ. ಊರಿಗೆ ಅದು ರೂಢಿಯಾಗಿಹೋಗಿತ್ತು.

ಊರಿನ ಕಟ್ಟಳೆ ಒಂದೇ. ಹೊಸದೆಂದು ತಂದ ಯಾವುದೂ, ಪರೀಕ್ಷಕ ‘ಇದು ಹಿಂದೆ ಇರಲಿಲ್ಲ’ ಎನ್ನುವ ತನಕ ಗೋಡೆಗೆ ಹೋಗುವಂತಿಲ್ಲ. ಸತ್ತವರು ಮಾಡಿದ್ದನ್ನು ಬದುಕಿರುವವರು ತಮ್ಮದೆಂದುಬಿಟ್ಟಾರು ಎಂದು ಊರು ಕಟ್ಟಿದವರಿಗೆ ಭಯವಿತ್ತಂತೆ. ತಂದವರು ತಾವು ಮಾಡಿದ್ದು ಏನೆಂದು ಒಂದೇ ವಾಕ್ಯದಲ್ಲಿ, ಒಂದೇ ಉಸಿರಿನಲ್ಲಿ ಹೇಳಬೇಕು. ಹೇಳುವಾಗ ಪರೀಕ್ಷಕ ಅವರ ಬಾಯ ಮುಂದೆ ಒಂದು ಹತ್ತಿಯ ಎಳೆ ಹಿಡಿಯುತ್ತಾನೆ. ಎಳೆ ಅಲುಗುವುದು ನಿಂತಿತೋ, ವಾಕ್ಯ ಅಲ್ಲಿಗೆ ಮುಗಿಯಿತು; ಆಮೇಲೆ ಹೇಳಿದ್ದು ಗಾಳಿಗೆ. ಮೂರು ಸಲ ಹೇಳಬಹುದು. ಮೂರನೆಯ ಸಲವೂ ಸಲ್ಲದಿದ್ದರೆ ತಂದದ್ದನ್ನು ಅಲ್ಲೇ ಒಡೆದು, ಆ ಮಾತನ್ನು ಮರೆಯಬೇಕು.

ಪರೀಕ್ಷಕ ಕೆಟ್ಟವನಲ್ಲ. ಇಪ್ಪತ್ತು ವರ್ಷದಿಂದ ‘ಇದು ಹಿಂದೆಯೇ ಇತ್ತು’ ಎಂದು ಹೇಳಿ ಹೇಳಿ ಅವನ ಮುಖಕ್ಕೆ ಒಂದು ಸಂಕೋಚ ಅಂಟಿಕೊಂಡಿತ್ತು. ಊಟಕ್ಕೆ ಕರೆದ ಮನೆಯಲ್ಲೂ ಮೊದಲು ‘ಕ್ಷಮಿಸಿ’ ಎಂದೇ ಶುರುಮಾಡುತ್ತಿದ್ದ. ಹಳೆಯದರ ಮನೆ ಎಂಬ ಉದ್ದನೆಯ ಮನೆಯೊಂದಿತ್ತು. ಊರಲ್ಲಿ ಯಾರು ಏನೇ ಮಾಡಿದ್ದರೂ ಅದರದೊಂದು ಮಾದರಿ ಅಲ್ಲಿ ಇರುತ್ತಿತ್ತು. ಅವನ ದಿನ ಕಳೆಯುತ್ತಿದ್ದದ್ದು ಅಲ್ಲೇ. ಹೆಸರು ಅಳಿಸಿಹೋದವರ ಬೆರಳ ಗುರುತು ಮಣ್ಣಿನ ಮೇಲೆ ಕಂಡರೆ ಅದರ ಮೇಲೆ ತನ್ನ ಬೆರಳಿಟ್ಟು ನೋಡುತ್ತಿದ್ದ. ಇವರ ಪರವಾಗಿ ಮಾತಾಡುವವನು ನಾನೊಬ್ಬನೇ ಎಂದುಕೊಳ್ಳುತ್ತಿದ್ದ.

ಅವನ ಜಗುಲಿಗೆ ಒಂದು ಬೆಳಿಗ್ಗೆ ಕುಂಬಾರಗಿತ್ತಿ ಬಂದಳು. ವಯಸ್ಸಾದವಳು. ಬಟ್ಟೆಯಲ್ಲಿ ಸುತ್ತಿದ ಗೂಡೊಂದನ್ನು ಮಡಿಲಲ್ಲಿಟ್ಟುಕೊಂಡು, ಮೊದಲು ಏದುಸಿರು ಸುಧಾರಿಸಿಕೊಂಡಳು. ಪರೀಕ್ಷಕ ಎಳೆ ಹಿಡಿದ.

“ಹಣತೆಯ ಪಕ್ಕದಲ್ಲಲ್ಲದೆ ಹಣತೆಯ ಕೆಳಗೆ ಕುಡಿಕೆಯಿಟ್ಟ ಗೂಡು,” ಎಂದಳು. ಎಳೆ ಕೊನೆಯವರೆಗೂ ಅಲುಗಿತು.

ಪರೀಕ್ಷಕ ಗೂಡನ್ನು ತಿರುಗಿಸಿ ನೋಡಿದ. ಕುಡಿಕೆಯ ಹೊಟ್ಟೆ ಒಂದು ಕಡೆಗೆ ವಾಲಿತ್ತು. ಆವಿಗೆಯ ಬೆಂಕಿಯಲ್ಲಿ ಸೊಟ್ಟಗಾಗಿದೆ, ಪಾಪ, ಕೈ ನಡುಗುವ ವಯಸ್ಸು ಎಂದುಕೊಂಡು ಅವನು ಅದರ ಸುದ್ದಿ ಎತ್ತಲಿಲ್ಲ.

“ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ ತಂದಿರಿ ಅಜ್ಜಿ?”

“ಇನ್ನು ಹನ್ನೊಂದು ದಿನಕ್ಕೆ ನಮ್ಮನೆಯವರ ದಿನ ಸ್ವಾಮಿ. ಹನ್ನೆರಡು ವರ್ಷದಿಂದ ಬರ್ತಾರೆ. ಬರ್ತಾರೆ, ನೋಡಲ್ಲ. ಹಣತೆ ಹತ್ತಿರ ಹತ್ತಿರ ಬಂದ್ರೆ ಕಣ್ಣು ಮೂಡ್ತದೆ. ಒಂದು ಸಲ ನೋಡ್ಲಿ ಅಂತ.”

“ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಇದ್ದೇ ಇರುತ್ತಲ್ಲ.”

“ನನ್ನ ಉಸಿರಿಗೆ ಮುಂದಿನ ವರ್ಷದ ಮೇಲೆ ಅಂಥ ನಂಬಿಕೆ ಇಲ್ಲ,” ಎಂದಳು. ದುಃಖದಿಂದಲ್ಲ, ಸಂತೆಯಲ್ಲಿ ಬದನೆಕಾಯಿ ಬಂದಿಲ್ಲ ಎನ್ನುವವರ ಹಾಗೆ.

ಪರೀಕ್ಷಕ ಮೂರು ದಿನ ಹುಡುಕಿದ. ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕಿದ, ಆದರೆ ಕಣ್ಣು ತಪ್ಪಿಸಲಿಲ್ಲ. ಮೂರನೆಯ ದಿನ ಒಂದು ಮೂಲೆಯಲ್ಲಿ ಯಾರೋ ತಮ್ಮ ಅಡುಗೆಮನೆಗೆಂದು ಮಾಡಿಕೊಂಡಿದ್ದ ದೀಪ ಸಿಕ್ಕಿತು. ಕೆಳಗೆ ಕುಡಿಕೆ, ಮೇಲೆ ಹಣತೆ. ಅದನ್ನು ತಂದು ಕುಂಬಾರಗಿತ್ತಿಯ ಮಡಿಲಲ್ಲಿಟ್ಟು, “ಕ್ಷಮಿಸಿ ಅಜ್ಜಿ, ಇದು ಹಿಂದೆಯೇ ಇತ್ತು,” ಎಂದ. ಅವಳು ಜಗಳಕ್ಕೆ ಬರಲಿಲ್ಲ. ದೀಪದ ಮೈಯನ್ನು ಬೆರಳಿನಿಂದ ಸವರಿ, “ಎಡಗೈಯವರು ಮಾಡಿದ್ದು. ಒಳ್ಳೆ ಕೈ,” ಎಂದಳು. ಇಪ್ಪತ್ತು ವರ್ಷದಲ್ಲಿ ಯಾರೂ ಹಳಬರ ಕೈಯನ್ನು ಹೊಗಳಿರಲಿಲ್ಲ.

ಮಾರನೆಯ ದಿನವೇ ಅವಳು ಎರಡನೆಯ ವಾಕ್ಯ ತಂದಳು. ಹಳೆಯದರಿಂದ ಬೇರೆಯಾಗಬೇಕಾದರೆ ವಾಕ್ಯ ಬೆಳೆಯಲೇಬೇಕು, ಬೇರೆ ದಾರಿಯಿಲ್ಲ. “ಹಣತೆಯ ಪಕ್ಕದಲ್ಲಲ್ಲದೆ ಕೆಳಗಿದ್ದು, ಜಾಗ ಸಣ್ಣದಾದರೂ ಎಣ್ಣೆ ಕಡಿಮೆಯಾಗದಂತೆ ಒಂದರ ಮೇಲೊಂದು ಎರಡು ಅಂತಸ್ತಾಗಿ ನಿಂತ ಕುಡಿಕೆಯಿರುವ ಗೂಡು.” ಕೊನೆಯ ಎರಡು ಪದಕ್ಕೆ ಎಳೆ ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು. ಆಮೇಲೆ ಅವಳು ಬಹಳ ಹೊತ್ತು ಕಂಬಕ್ಕೊರಗಿ ಕೂತಿದ್ದಳು.

ಈ ಸಲ ಅಂಥದ್ದೇ ಒಂದು ಸಿಗಲಿಲ್ಲ. ಸಿಕ್ಕಿದ್ದು ಎರಡು ಅಂತಸ್ತಿನ ಒಂದು ಕಷಾಯದ ಕುಡಿಕೆ. ಅದಕ್ಕೂ ದೀಪಕ್ಕೂ ಸಂಬಂಧವಿಲ್ಲ. ಆದರೆ ಎರಡು ಹಳೆಯದನ್ನು ಜೋಡಿಸಿದರೆ ಹೊಸದಾಗುವುದಾದರೆ, ಆ ಜೋಡಣೆ ಯಾರಿಗಾದರೂ ಹೊಳೆಯುವಂಥದ್ದೋ ಅಲ್ಲವೋ ಎಂದು ನೋಡಬೇಕು. ಅದಕ್ಕೆಂದೇ ಊರು ಒಬ್ಬನನ್ನು ನೇಮಿಸಿತ್ತು. ಅವನಿಗೆ ಸಾಧಾರಣ ಕೈಯವನು ಎಂದೇ ಹೆಸರು.

ಸಾಧಾರಣ ಕೈಯವನು ಜಾಣನೂ ಅಲ್ಲ, ದಡ್ಡನೂ ಅಲ್ಲ. ಊರಿನ ಎಲ್ಲ ಕಸುಬೂ ಅವನಿಗೆ ಗೊತ್ತು. ಯಾವುದರಲ್ಲೂ ಅವನಿಗೆ ಹೊಸದೊಂದು ಹೊಳೆದದ್ದಿಲ್ಲ. ತನ್ನ ತಂದೆಯೂ ಹೀಗೇ ಇದ್ದರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹಳೆಯ ವಸ್ತುಗಳನ್ನು ಅವನ ಮುಂದಿಟ್ಟು, ಏನು ಕೊರತೆಯಿದೆ ಎಂದಷ್ಟೇ ಹೇಳಬೇಕು. ಅವನು ಜೋಡಿಸಿದ್ದು ಹೊಸದರಂತೆಯೇ ಆದರೆ, ಆ ಹೊಸದು ಹೊಸದಲ್ಲ.

ಪರೀಕ್ಷಕ ಚಾಪೆಯ ಮೇಲೆ ಹಣತೆ, ಕಷಾಯದ ಕುಡಿಕೆ ಇಟ್ಟು ಅವನನ್ನು ಒಳಗೆ ಕರೆದ. “ಹಣತೆಗಳು ಹತ್ತಿರ ಬರಬೇಕು. ಎಣ್ಣೆ ಕಡಿಮೆಯಾಗಬಾರದು.” ಅವನು ಕೂತ, ಕೈಯೊರೆಸಿಕೊಂಡ, ಹಣತೆಯನ್ನು ಕುಡಿಕೆಯ ಮೇಲಿಟ್ಟ. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಪರೀಕ್ಷಕ ಓಲೆಯಲ್ಲಿ ‘ಸಲ್ಲದು’ ಎಂದು ಬರೆದು, ಕುಂಬಾರಗಿತ್ತಿಗೆ ತಾನೇ ಹೋಗಿ ಹೇಳುವ ಧೈರ್ಯ ಸಾಲದೆ ಬೇರೆಯವರ ಕೈಯಲ್ಲಿ ಹೇಳಿಕಳಿಸಿದ. ಅವಳ ಗಂಡನ ದಿನಕ್ಕೆ ಇನ್ನು ಐದು ದಿನವಿತ್ತು.

ಮರುದಿನ ಬೆಳಿಗ್ಗೆ ಸಾಧಾರಣ ಕೈಯವನು ತನಗೆ ಸಲ್ಲಬೇಕಾದ ತೆಂಗಿನಕಾಯಿ ತೆಗೆದುಕೊಂಡು ಹೋಗಲು ಬಂದ. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ನೀರಿದೆಯೇ ಎಂದು ನೋಡುತ್ತ, “ಈ ಸಲ ಕೆಲಸ ಸಲೀಸಾಯ್ತು ಸ್ವಾಮಿ,” ಎಂದ.

“ಅಷ್ಟು ಬೇಗ ಹೇಗೆ ಹೊಳೀತು ನಿನಗೆ?”

“ಹೊಳೆಯೋದೇನು ಬಂತು? ನೀವೇ ಹಣತೇನ ಕುಡಿಕೆ ಮೇಲೆ ಒರಗಿಸಿ ಇಟ್ಟಿದ್ರಲ್ಲ. ಬಿದ್ದುಹೋಗ್ತದೆ ಅಂತ ನಾನು ನೆಟ್ಟಗೆ ಮಾಡಿದೆ, ಅಷ್ಟೆ.”

ಪರೀಕ್ಷಕ ಒಳಗೆ ಹೋಗಿ ಖಾಲಿ ಚಾಪೆಯನ್ನು ನೋಡಿದ. ಅವಳ ಗೂಡನ್ನು ಅವನು ನೋಡಿದ್ದ. ನೋಡಿದ ಮೇಲೆ ಅವನ ಕೈ ತನಗೆ ತಿಳಿಯದ ಹಾಗೆ ಅದನ್ನೇ ಇಟ್ಟಿತ್ತು. ಒಂದು ಸಲ ಕಂಡ ಮೇಲೆ ಎಲ್ಲವೂ ಸುಲಭವೇ. ಇಪ್ಪತ್ತು ವರ್ಷದಲ್ಲಿ ಇನ್ನೆಷ್ಟು ಸಲ ಹೀಗೆ ಇಟ್ಟಿದ್ದೆನೋ, ಇನ್ನೆಷ್ಟು ಜನ ಮುಖ ಚಿಕ್ಕದು ಮಾಡಿಕೊಂಡು ಈ ಜಗುಲಿ ಇಳಿದು ಹೋದರೋ ಎಂದು ಅವನಿಗೆ ಬಹಳ ಸಂಕಟವಾಯಿತು. ಬರೆದ ‘ಸಲ್ಲದು’ ಅಳಿಸುವ ಹಾಗಿರಲಿಲ್ಲ. ಉಳಿದದ್ದು ಮೂರನೆಯ ವಾಕ್ಯ ಒಂದೇ.

ಪರೀಕ್ಷಕರು ಯಾರ ಮನೆಗೂ ತಾವಾಗಿ ಹೋದದ್ದಿಲ್ಲ. ಅವನು ಹೋದ. ಕುಂಬಾರಗಿತ್ತಿಯ ಮನೆ ಒಂದು ಇರುಕು ಓಣಿಯಲ್ಲಿತ್ತು, ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರ ಹೊಸ್ತಿಲು. ಅವಳು ಮಣೆ ಹಾಕಿ, ಮಜ್ಜಿಗೆ ಕೊಟ್ಟಳು. ಅವನು ಲೋಟ ಕೈಯಲ್ಲೇ ಹಿಡಿದುಕೊಂಡು ತನ್ನ ತಪ್ಪನ್ನು ಇದ್ದಂತೆ ಹೇಳಿದ.

“ಮಜ್ಜಿಗೆ ಕುಡೀರಿ ಮೊದಲು,” ಎಂದಳು ಅವಳು.

ಅವನು ಕುಡಿಯುತ್ತಿರುವಾಗ ಪಕ್ಕದ ಮನೆಯವಳು ಹೇಳದೆ ಕೇಳದೆ ಒಳಗೆ ಬಂದಳು. ನಾಗಂದಿಗೆಯ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿ, ನಾಲ್ಕು ಹೋಳು ತೆಗೆದುಕೊಂಡು, ಭರಣಿಯನ್ನು ಮತ್ತೆ ಅಲ್ಲೇ ಇಟ್ಟು ಹೋದಳು.

“ಭರಣಿ ಅವಳದ್ದಾ?” ಪರೀಕ್ಷಕ ಕೇಳಿದ.

“ಅವಳದ್ದೇ. ಅವಳ ಮನೇಲಿ ಜಾಗ ಎಲ್ಲಿದೆ? ನನ್ನ ಅಕ್ಕಿ ಗುಡಾಣ ಈ ಕಡೆ ಮನೇಲಿದೆ. ಅವರ ಒರಳು ಇನ್ನೊಬ್ಬರ ಮನೇಲಿ. ನಮ್ಮ ಓಣಿಯೇ ಹಾಗೆ.” ಹಾಗೆನ್ನುತ್ತ ಅವಳು ಮೂಲೆಯ ಗೋಣಿತಾಟು ಸರಿಸಿದಳು. ಒಪ್ಪಿಗೆ ಸಿಗುವ ಮೊದಲೇ ಸುಟ್ಟು ಜೋಡಿಸಿಟ್ಟಿದ್ದ ಗೂಡುಗಳು ಅಲ್ಲಿ ಸಾಲಾಗಿದ್ದವು. ಇಡೀ ಗೋಡೆಗಾಗುವಷ್ಟಲ್ಲ. ಎರಡು ಕಣ್ಣಿಗಾಗುವಷ್ಟು.

ಪರೀಕ್ಷಕ ಬಗ್ಗಿ ನೋಡಿದ. ನೋಡಿ ಮಣೆ ಬಿಟ್ಟು ನೆಲಕ್ಕೇ ಕೂತ. ಒಂದೊಂದೇ ಗೂಡಾಗಿ ನೋಡಿದಾಗ ಸೊಟ್ಟಗೆ ಕಂಡಿದ್ದ ಹೊಟ್ಟೆ, ಸಾಲಾಗಿ ಇಟ್ಟಾಗ ಸೊಟ್ಟವಾಗಿರಲಿಲ್ಲ. ಪ್ರತಿ ಕುಡಿಕೆಯ ಬಾಯಿ ತನ್ನ ಹಣತೆಯ ಬುಡದಲ್ಲಿತ್ತು, ಹೊಟ್ಟೆ ಮಾತ್ರ ಪಕ್ಕದ ಹಣತೆಯ ಕೆಳಗೆ ಚಾಚಿಕೊಂಡಿತ್ತು. ಈ ದೀಪದ ಎಣ್ಣೆ ಆ ದೀಪದ ಕೆಳಗೆ, ಆ ದೀಪದ್ದು ಅದರಾಚೆಯದರ ಕೆಳಗೆ.

“ಅಜ್ಜಿ, ಇದನ್ನು ನೀವು ಹೇಳಲೇ ಇಲ್ಲವಲ್ಲ.”

“ಏನನ್ನ?”

“ಪಕ್ಕದ ದೀಪದ ಕೆಳಗೆ ಇಟ್ಟಿದ್ದನ್ನ.”

“ಅದನ್ನೇನು ಹೇಳೋದು?” ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ತನ್ನ ಕಾಲ ಬುಡದಲ್ಲಿ ಎಣ್ಣೆ ಹೊಯ್ಯೋಕೆ ಬಾಯಿ ಬೇಕು, ಹೊಟ್ಟೆಗೆ ಜಾಗ ಇಲ್ಲ. ಜಾಗ ಇಲ್ಲದಾಗ ಪಕ್ಕದವರಲ್ಲಿ ಇಡಲ್ವಾ ಸ್ವಾಮಿ?”

ಪರೀಕ್ಷಕ ನಕ್ಕುಬಿಟ್ಟ. ಅವನು ಹಾಗೆ ನಕ್ಕು ಬಹಳ ವರ್ಷವಾಗಿತ್ತು. ಇಬ್ಬರೂ ಸಾಯಂಕಾಲದವರೆಗೆ ಕೂತು ಮೂರನೆಯ ವಾಕ್ಯ ಕಟ್ಟಿದರು. ಯಾವುದು ಬೇಕು, ಯಾವುದು ಬೇಡ ಎಂದು ಒಂದೊಂದೇ ಪದ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದರು. ಎಷ್ಟು ಆರಿಸಿದರೂ ವಾಕ್ಯ ಉದ್ದವೇ ಆಯಿತು. ಅವಳು ಎರಡು ಸಲ ಹೇಳಿ ನೋಡಿದಳು, ಎರಡು ಸಲವೂ ನಡುವೆ ಉಸಿರು ಕೈಕೊಟ್ಟಿತು.

“ನಾಳೆ ಬೆಳಿಗ್ಗೆ ಸ್ವಲ್ಪ ಚೆನ್ನಾಗಿರ್ತದೆ,” ಎಂದಳು. ಅವಳಿಗೂ ಅದು ನಂಬಿಕೆಯ ಮಾತಾಗಿರಲಿಲ್ಲ.

ಬೆಳಿಗ್ಗೆ ಅವಳು ಜಗುಲಿಯ ಮೇಲೆ ನೆಟ್ಟಗೆ ಕೂತಳು. ಪರೀಕ್ಷಕ ಎದುರಿಗೆ ಕೂತು ಎಳೆ ಹಿಡಿದ. ಎಳೆ ಅಲುಗುವುದು ಕೈಯಿಂದಲ್ಲ, ಉಸಿರಿನಿಂದಲೇ ಆಗಬೇಕೆಂದು ಮೊಣಕೈಯನ್ನು ಮಂಡಿಗೆ ಒತ್ತಿಕೊಂಡ.

“ಹಣತೆಯ ಪಕ್ಕದಲ್ಲಲ್ಲದೆ ಕೆಳಗಿದ್ದು,” ಅವಳು ಶುರುಮಾಡಿದಳು, “ಒಂದರ ಮೇಲೊಂದು ಎರಡು ಅಂತಸ್ತಾಗಿ ನಿಂತು, ಬಾಯಿ ತನ್ನ ಹಣತೆಯ ಬುಡದಲ್ಲಿ ಉಳಿದು ಹೊಟ್ಟೆ ಮಾತ್ರ ಪಕ್ಕದ ಹಣತೆಯ ಕೆಳಗೆ ಚಾಚಿಕೊಂಡು, ಹಾಗೆ ಚಾಚಿಕೊಂಡಾಗ ಪಕ್ಕದ ಕುಡಿಕೆಯೊಂದಿಗೆ ಒಂದೇ ಗೋಡೆ...”

ಅವಳ ತುಟಿ ಆಡುತ್ತಿತ್ತು, ಸ್ವರ ಹೊರಡಲಿಲ್ಲ. ಎಳೆಯ ತುದಿ ನಿಧಾನವಾಗಿ ಇಳಿಯತೊಡಗಿತು. ಅವಳು ಪರೀಕ್ಷಕನ ಮುಖ ನೋಡಿದಳು, ಬೇಡುವ ಹಾಗಲ್ಲ, ಇಷ್ಟೇ ಆದದ್ದು ಎನ್ನುವ ಹಾಗೆ. ಎಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಪರೀಕ್ಷಕ ಮುಂದಕ್ಕೆ ಬಾಗಿ, ತನ್ನ ಬಾಯಿಯನ್ನು ಎಳೆಯ ಹತ್ತಿರ ತಂದು,

“...ಹಂಚಿಕೊಂಡು,” ಎಂದ, “ಸಾಲಿನ ಕೊನೆಯದಕ್ಕೆ ಪಕ್ಕದವರಿಲ್ಲದ ಕಾರಣ ಗೋಡೆಯ ಮಣ್ಣಿನೊಳಕ್ಕೇ ಹೊಟ್ಟೆ ಚಾಚಿಕೊಂಡ ಕುಡಿಕೆಗಳಿಂದಾಗಿ, ಎರಡು ಹಣತೆಯ ನಡುವೆ ಕತ್ತಲೆಗೆ ಜಾಗವಿಲ್ಲದಿರುವ ಗೂಡುಗಳ ಸಾಲು.”

ಎಳೆ ಕೊನೆಯವರೆಗೂ ಅಲುಗಿತು. ಪರೀಕ್ಷಕ ಓಲೆ ತೆಗೆದು, ಮುಚ್ಚುಮರೆಯಿಲ್ಲದೆ ಬರೆದ: ‘ಎಳೆ ನಿಲ್ಲಲಿಲ್ಲ. ಉಸಿರು ಇಬ್ಬರದು. ಎಳೆ ನಿಲ್ಲಬಾರದೆಂದಷ್ಟೇ ಕಟ್ಟಳೆ. ತಪ್ಪೆನಿಸಿದರೆ ತಪ್ಪು ಪರೀಕ್ಷಕನದು.’

ಆಮೇಲೆ ಎರಡು ದಿನ ಹಳೆಯದರ ಮನೆಯನ್ನು ಮೂಲೆಮೂಲೆ ಜಾಲಾಡಿದ. ಅವಳ ಮೇಲಿನ ಅಕ್ಕರೆಗೆ ಹಳಬರ ಪಾಲು ಕೊಟ್ಟುಬಿಟ್ಟೇನೋ ಎಂಬ ಹೆದರಿಕೆಯಿಂದ ಎಂದಿಗಿಂತ ಹೆಚ್ಚೇ ಹುಡುಕಿದ. ಪಕ್ಕದ ದೀಪದ ಕೆಳಗೆ ಯಾರೂ ಏನೂ ಇಟ್ಟಿರಲಿಲ್ಲ. ಅವಳ ಗಂಡನ ದಿನಕ್ಕೆ ಒಂದು ದಿನ ಮುಂಚೆ ಸಾಧಾರಣ ಕೈಯವನನ್ನು ಕರೆಸಿದ. ಈ ಸಲ ವಸ್ತುಗಳನ್ನು ತಾನು ಮುಟ್ಟಲಿಲ್ಲ. ಹೊಸ ಗೂಡನ್ನು ಕಂಡೇ ಇರದ ಕಸ ಗುಡಿಸುವವಳು ಎಲ್ಲವನ್ನೂ ಬುಟ್ಟಿಯಲ್ಲಿ ತಂದು ಚಾಪೆಯ ಮೇಲೆ ಸುರಿದಳು. ಪರೀಕ್ಷಕ ಗೋಡೆಗೆ ಮುಖಮಾಡಿ ಕೂತ.

“ಹಿಂಗ್ಯಾಕೆ ಕೂತಿದ್ದೀರಿ ಸ್ವಾಮಿ?”

“ನನ್ನ ಮುಖ ನೋಡಬೇಡ. ಹಣತೆ ಮುಟ್ಟುವಷ್ಟು ಹತ್ತಿರ ಬರಬೇಕು, ಎಣ್ಣೆ ಕಡಿಮೆಯಾಗಬಾರದು. ಮಾಡು.”

ಬೆಳಗಿನಿಂದ ಮಧ್ಯಾಹ್ನದವರೆಗೆ ಪರೀಕ್ಷಕ ಬೆನ್ನ ಹಿಂದೆ ಮಣ್ಣು ಮಣ್ಣಿಗೆ ತಾಗುವ ಸದ್ದು ಕೇಳಿದ. ಸಾಧಾರಣ ಕೈಯವನು ಕುಡಿಕೆಯನ್ನು ಮೇಲಿಟ್ಟ, ಹಿಂದಿಟ್ಟ, ಒಂದರೊಳಗೊಂದು ತುರುಕಿದ. ಕೊನೆಗೆ ಉಸ್ಸೆಂದು, “ಇದು ನನ್ನ ಕೈಲಿ ಆಗೋದಲ್ಲ,” ಎಂದ. ಆಗ ಅವನಿಗೆ ಕುಂಬಾರಗಿತ್ತಿಯ ಸಾಲನ್ನು ತೋರಿಸಿದರು. ಅವನು ಎತ್ತಿ ನೋಡಿದ, ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಇವನ ಎಣ್ಣೆ ಅವನ ಕೆಳಗಾ? ಅವನು ಸುಮ್ನಿರ್ತಾನಾ?” ಗೂಡನ್ನು ಮೆಲ್ಲಗೆ ಕೆಳಗಿಟ್ಟು, ಬಹಳ ಗೌರವದಿಂದ, “ನಮ್ಮ ವಂಶದಲ್ಲೇ ಯಾರಿಗೂ ಇದು ಹೊಳೀತಿರಲಿಲ್ಲ,” ಎಂದ.

“ಇದು ಹಿಂದೆ ಇರಲಿಲ್ಲ,” ಎಂದ ಪರೀಕ್ಷಕ. ಹೇಳಿ ಅಭ್ಯಾಸವಿಲ್ಲದ ಮಾತು. ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದ. ಎಣ್ಣೆ ಹೊಯ್ಯುವವರು ಅಂದೇ ಗೋಡೆ ಹತ್ತಿ, ಕಣ್ಣು ಬರಬೇಕಾದ ಎರಡು ಕಡೆ ಹಳೆಯ ಗೂಡು ತೆಗೆದು ಹೊಸ ಗೂಡು ಕೂರಿಸಿದರು. ಕಣ್ಣು ಹೇಗಿತ್ತು ಎಂದು ಮುಖ ಹಾಕುವವಳು ಕುಂಬಾರಗಿತ್ತಿಯನ್ನು ಕೇಳಿದಳು. ಅವಳು ಅದನ್ನು ಎಲ್ಲರೆದುರು ಹೇಳದೆ, ಕಿವಿಯಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ಊರಿಗೆ ಊರೇ ಗೋಡೆಯ ಮುಂದೆ ನೆರೆದಿತ್ತು. ಕಣ್ಣಿರುವ ಮುಖವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನಟ್ಟನಡುವೆ, ಮುಖಕ್ಕೆ ನೇರವಾಗಿ, ಒಂದು ಮಣೆ ಹಾಕಿ ಕುಂಬಾರಗಿತ್ತಿಗೆಂದು ಜಾಗ ಬಿಟ್ಟಿದ್ದರು. ಸಾಲು ಸಾಲಾಗಿ ಹಣತೆಗಳು ಹೊತ್ತಿಕೊಂಡವು. ಹಣೆ ಬಂತು. ಹುಬ್ಬು ಬಂತು. ಹುಬ್ಬಿನ ಕೆಳಗೆ ಎರಡು ಕಣ್ಣು ನಿಧಾನವಾಗಿ ಬಿಟ್ಟುಕೊಂಡವು. ಜನ ಉಸಿರು ಬಿಗಿಹಿಡಿದು ನೋಡಿದರು. ಕಣ್ಣುಗಳು ಅವರನ್ನು ನೋಡುತ್ತಿರಲಿಲ್ಲ. ನಡುವಿನ ಮಣೆಯನ್ನೂ ನೋಡುತ್ತಿರಲಿಲ್ಲ. ನೋಟ ಒಂದು ಪಕ್ಕಕ್ಕೆ ಹೊರಳಿತ್ತು. ಕೆಲಸ ಕೆಟ್ಟಿತು ಎಂದು ಯಾರೋ ಗೊಣಗಿದರು. ಗೂಡು ಕೂರಿಸುವಾಗ ಹಿಂದುಮುಂದಾಯಿತೋ ಏನೋ ಎಂದು ಪರೀಕ್ಷಕ ಕುಂಬಾರಗಿತ್ತಿಗಾಗಿ ಮಣೆಯ ಕಡೆ ನೋಡಿದ. ಮಣೆ ಖಾಲಿಯಿತ್ತು.

ಅವಳು ಎಡತುದಿಯಲ್ಲಿ, ಎಣ್ಣೆ ಕೊಟ್ಟಿಗೆಯ ಪಕ್ಕ, ಯಾರೂ ನಿಲ್ಲದ ಕಡೆ ಒಬ್ಬಳೇ ನಿಂತಿದ್ದಳು. ಸೆರಗು ಸರಿಮಾಡಿಕೊಂಡಿದ್ದಳು. ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡಿದ್ದಳು. ಪರೀಕ್ಷಕ ಜನರನ್ನು ದಾಟಿಕೊಂಡು ಅವಳ ಹತ್ತಿರ ಹೋದ.

“ನಡುವೆ ಬನ್ನಿ ಅಜ್ಜಿ. ನಿಮಗೆಂದೇ ಜಾಗ ಬಿಟ್ಟಿದ್ದಾರೆ, ಅಲ್ಲಿಂದ ಚೆನ್ನಾಗಿ ಕಾಣುತ್ತೆ.”

“ನಮ್ಮನೆಯವರದ್ದು ಮೆಳ್ಳೆಗಣ್ಣು ಸ್ವಾಮಿ,” ಎಂದಳು ಅವಳು, ಗೋಡೆಯಿಂದ ಮುಖ ತಿರುಗಿಸದೆ. “ಅಲ್ಲಿ ಕೂತ್ರೆ ನಾನು ಅವರನ್ನ ನೋಡಬೋದು, ಅಷ್ಟೆ. ಇಲ್ಲಿ ನಿಂತ್ರೆ ಅವರು ನನ್ನನ್ನ ನೋಡ್ತಾರೆ.”